ನಾಲ್ಕು ಗಂಟೆಯ ಬಿಕ್ಕಳಿಕೆ

ನಮ್ಮೂರಿನಲ್ಲಿ ಯಾರಾದರೂ ‘ನಾಳೆಯಿಂದ’ ಎಂದು ಬಾಯಿ ತೆರೆದರೆ ಸಾಕು, ಪಕ್ಕದಲ್ಲಿದ್ದವರು ಟೀ ಲೋಟವನ್ನು ಅರ್ಧಕ್ಕೇ ಬಿಟ್ಟು ಎದ್ದುಬಿಡುತ್ತಾರೆ. ಅದು ಒರಟುತನವಲ್ಲ, ಅನುಭವ. ‘ನಾಳೆಯಿಂದ ಬೀಡಿ ಸೇದೋದಿಲ್ಲ’ ಎಂದು ಒಬ್ಬ ಹೇಳಿದ್ದು ಇನ್ನೊಬ್ಬನ ಕಿವಿಗೆ ಬಿತ್ತೋ, ಮುಗಿಯಿತು. ಹೇಳಿದವನು ನಾಡಿದ್ದು ಹಿತ್ತಲಲ್ಲಿ ಕೂತು ಬೀಡಿ ಹಚ್ಚಿದ ಕ್ಷಣಕ್ಕೆ, ಕೇಳಿದವನು ಎಲ್ಲಿದ್ದರೂ ಬಿಕ್ಕಳಿಸಬೇಕು. ಹೇಳಿದವನಿಗೆ ಏನೂ ಆಗುವುದಿಲ್ಲ. ಅವನು ಆರಾಮವಾಗಿ ಹೊಗೆ ಬಿಡುತ್ತಿರುತ್ತಾನೆ. ಇಂಥ ದಿನ ಇಂಥ ಕೆಲಸ ಮಾಡುತ್ತೇನೆ ಎಂದು ಹೇಳಿ ಮಾಡದೇ ಬಿಟ್ಟರೆ ಇನ್ನೂ ಕಷ್ಟ. ಆ ಮಾತು ಹೇಳಿದ ಹೊತ್ತಿಗೆ ಸರಿಯಾಗಿ, ಕೆಲಸ ಮುಗಿಯುವ ತನಕ, ಕೇಳಿದವರಿಗೆ ದಿನವೂ ಮೂರು ಬಿಕ್ಕಳಿಕೆ. ನೀರು ಕುಡಿದರೂ, ಸಕ್ಕರೆ ಮುಕ್ಕಿದರೂ, ಉಸಿರು ಬಿಗಿಹಿಡಿದರೂ ನಿಲ್ಲುವುದಿಲ್ಲ.

ಹೊರಗಿನಿಂದ ಬಂದವರು ಇದನ್ನು ಕೇಳಿ, ಹಾಗಾದರೆ ನಿಮ್ಮೂರಿನವರೆಲ್ಲ ಕೊಟ್ಟ ಮಾತಿಗೆ ತಪ್ಪದವರಾಗಿರಬೇಕು ಎನ್ನುತ್ತಾರೆ. ಪಾಪ, ಅವರಿಗೆ ಮನುಷ್ಯರ ಪರಿಚಯ ಕಡಿಮೆ. ನಾವು ಕಲಿತದ್ದು ಮಾತು ಉಳಿಸಿಕೊಳ್ಳುವುದನ್ನಲ್ಲ, ಕಿವಿ ಉಳಿಸಿಕೊಳ್ಳುವುದನ್ನು. ಪುರಸಭೆಯ ಅಧ್ಯಕ್ಷ ಓಂಕಾರಪ್ಪನವರು ಮೈಕಿನ ಮುಂದೆ ನಿಂತರೆ ಸಭಿಕರೆಲ್ಲ ಕಿವಿಗೆ ಹತ್ತಿ ತುರುಕಿಕೊಂಡು ಕೂರುತ್ತಾರೆ, ತುಟಿ ನಿಂತಾಗ ಚಪ್ಪಾಳೆ ತಟ್ಟುತ್ತಾರೆ. ಯುಗಾದಿಯ ದಿನ ಗಂಡಸರು ಮಧ್ಯಾಹ್ನದ ಊಟದ ತನಕ ಬಾಯಿ ಬಿಡಕೂಡದೆಂದು ಹೆಂಗಸರು ಕಟ್ಟಳೆ ಮಾಡಿದ್ದಾರೆ. ಕೆರೆ ಬೀದಿಯ ಹಾಲಪ್ಪನಂಥವರು ಇದನ್ನೇ ಆಯುಧ ಮಾಡಿಕೊಂಡವರು. ಪಕ್ಕದ ಮನೆಯವನ ಮೇಲಿನ ಸಿಟ್ಟಿಗೆ, ಅವನ ಕಿಟಕಿಯ ಮುಂದೆ ನಿಂತು ‘ನಾಳೆಯಿಂದ ಬೆಳಿಗ್ಗೆ ಕಾಫಿ ಕುಡಿಯಲ್ಲ’ ಎಂದು ಕೂಗಿ ಹೇಳಿ, ಆರು ವರ್ಷದಿಂದ ಬೆಳಿಗ್ಗೆ ಎರಡೆರಡು ಲೋಟ ಕುಡಿಯುತ್ತಿದ್ದಾನೆ.

ನನ್ನ ಹೆಸರು ತಿಪ್ಪೇಶಿ. ಕಸುಬು ಬೋರ್ಡು ಬರೆಯುವುದು. ನಮ್ಮೂರ ಅಂಗಡಿಗಳ ಹಳೆಯ ಬೋರ್ಡುಗಳನ್ನು ನೋಡಿದರೆ ಅಲ್ಲೊಂದು ಒತ್ತಕ್ಷರ ಜಿಗಿದಿರುತ್ತದೆ, ಇಲ್ಲೊಂದು ದೀರ್ಘ ಬಾಲ ಬೆಳೆಸಿಕೊಂಡಿರುತ್ತದೆ. ಬರೆಯುವವನು ಕುಂಚ ಹಿಡಿದಿದ್ದಾಗ ಇನ್ಯಾರೋ ಎಲ್ಲೋ ಮಾತು ತಪ್ಪಿದ್ದರ ಗುರುತು ಅವು. ನನ್ನ ಅಕ್ಷರ ಮಾತ್ರ ಗೆರೆ ಹೊಡೆದಂತೆ ನೇರ. ಅದರ ಗುಟ್ಟು ಕೈಯಲ್ಲಿಲ್ಲ, ಕಿವಿಯಲ್ಲಿದೆ. ಅತ್ತರಿನ ಹತ್ತಿಯ ಹಾಗೆ ಎರಡು ಉಂಡೆ ಹತ್ತಿಯನ್ನು ಸದಾ ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಂಡಿರುತ್ತೇನೆ. ಎದುರಿನವನ ಬಾಯಲ್ಲಿ ‘ನಾಳೆ’ಯ ‘ನಾ’ ಬರುವಷ್ಟರಲ್ಲಿ ಹತ್ತಿ ಒಳಗೆ ಹೋಗಿರುತ್ತದೆ. ಹೆಂಡತಿಯದನ್ನೂ ಕೇಳಿಲ್ಲ, ಮಕ್ಕಳದನ್ನೂ ಕೇಳಿಲ್ಲ. ಐವತ್ತೆರಡು ವರ್ಷದಲ್ಲಿ ಈ ಕಿವಿಗಳಿಗೆ ಬಿದ್ದಿರುವುದು ಒಬ್ಬನೇ ಒಬ್ಬನ ನಿರ್ಧಾರ. ಆ ಒಬ್ಬ ತನ್ನ ಮಾತಿಗೆ ತಪ್ಪಿರಲಿಲ್ಲವಾದ್ದರಿಂದ ನಾನು ಬಿಕ್ಕಳಿಸಿದವನೇ ಆಗಿರಲಿಲ್ಲ. ಅವನ ವಿಷಯ ಆಮೇಲೆ ಬರುತ್ತದೆ.

ಇಡೀ ಊರಿನಲ್ಲಿ ಹತ್ತಿ ಇಟ್ಟುಕೊಳ್ಳದವಳು ಚನ್ನಾಜಕ್ಕ ಒಬ್ಬಳೇ. ಗಡಿಯಾರ ಕಂಬದ ಚೌಕದಲ್ಲಿ ಹೂ ಮಾರುತ್ತಾಳೆ. ಅರವತ್ತು ದಾಟಿದೆ. ಹೂ ಕಟ್ಟುವಾಗ ಅವಳ ಬೆರಳನ್ನು ನೋಡುತ್ತಾ ನಿಂತರೆ ಮಾತು ತಾನಾಗಿ ಬಾಯಿಗೆ ಬರುತ್ತದೆ. ಬೇರೆಯವರಿಗೆ ಹೇಳಿದರೆ ಸಂಜೆಯೊಳಗೆ ಮನೆಗೇ ಬಂದು ಕೊರಳಪಟ್ಟಿ ಹಿಡಿಯುತ್ತಾರೆ. ಚನ್ನಾಜಕ್ಕ ಏನೂ ಕೇಳುವುದಿಲ್ಲ. ಆದ್ದರಿಂದ ಊರಿನ ನಿರ್ಧಾರಗಳೆಲ್ಲ ಅವಳ ಕಿವಿಗೇ ಬಂದು ಬೀಳುತ್ತಿದ್ದವು. ತೂಕ ಇಳಿಸುವವರು, ಹಾರ್ಮೋನಿಯಂ ಕಲಿಯುವವರು, ನಶ್ಯ ಬಿಡುವವರು, ಅತ್ತೆಯ ಜೊತೆ ಜಗಳ ನಿಲ್ಲಿಸುವವರು, ಎಲ್ಲರೂ ಒಂದು ಮೊಳ ಮಲ್ಲಿಗೆ ಕೊಳ್ಳುವ ನೆಪದಲ್ಲಿ ಬಂದು ಹೇಳಿಕೊಂಡು, ಅರ್ಧ ಕೆಲಸ ಮುಗಿಸಿದಷ್ಟೇ ನೆಮ್ಮದಿಯಿಂದ ಮನೆಗೆ ಹೋಗುತ್ತಿದ್ದರು. ಉಳಿದರ್ಧವನ್ನು ಅವಳು ಬಿಕ್ಕಳಿಸುತ್ತಿದ್ದಳು. ಯಾಕಕ್ಕ ಇದೆಲ್ಲ ಕೇಳಿಸ್ಕೋತೀಯ ಎಂದರೆ, “ಹೇಳ್ಕೊಂಡ್ರೆ ಅವರಿಗೆ ಹಗುರಾಗುತ್ತೆ. ನನಗೇನು ಹೋಗೋದು, ನಾಕು ಬಿಕ್ಕಳಿಕೆ ತಾನೆ” ಎನ್ನುತ್ತಿದ್ದಳು. ಅವಳ ಮಾಲೆಗಳಲ್ಲಿ ನಡುನಡುವೆ ಹೂವಿಲ್ಲದ ದಾರ ಕಾಣುತ್ತಿತ್ತು. ಆ ದಾರಕ್ಕೆ ಕಾರಣರಾದವರೇ, ಮೊಳ ಕಡಿಮೆ ಬಂತು ಎಂದು ತಕರಾರು ತೆಗೆಯುತ್ತಿದ್ದರು.

ಕಳೆದ ಮಾಘದಲ್ಲಿ ಚನ್ನಾಜಕ್ಕನಿಗೆ ಹೊಟ್ಟೆನೋವು ಬಂತು. ಚೌಕದಲ್ಲೇ ಇರುವ ಆಸ್ಪತ್ರೆಯ ಡಾಕ್ಟರ್ ವಾಗ್ದೇವಿ ಪರೀಕ್ಷೆ ಮಾಡಿ, ಹೊಟ್ಟೆಯಲ್ಲಿ ಮೂಸಂಬಿ ಗಾತ್ರದ ಗಡ್ಡೆ ಇದೆ ಎಂದರು. ಅವಳನ್ನು ಆಸ್ಪತ್ರೆಯಲ್ಲೇ ಉಳಿಸಿಕೊಂಡು, ಆಮೇಲೆ ಚೌಕಕ್ಕೆ ಬಂದು, ಊರಿನ ನಾಲ್ಕು ಜನರನ್ನು ಕರೆದು, ಅವರ ಕಿವಿಯ ಹತ್ತಿಯನ್ನು ತಾವೇ ತೆಗೆಸಿ ಹೇಳಿದರು: “ಗಡ್ಡೆ ಕೊಯ್ದು ತೆಗೀಬೇಕು. ತೆಗೆದ್ರೆ ಉಳೀತಾರೆ. ಆದ್ರೆ ದಿನಕ್ಕೆ ನೂರೈವತ್ತು ಸಲ ಬಿಕ್ಕಳಿಸೋ ಹೊಟ್ಟೆಗೆ ನಾನು ಹೊಲಿಗೆ ಹಾಕಲ್ಲ, ಬಿಚ್ಚಿಹೋಗುತ್ತೆ. ಇವು ನಿಮ್ಮ ಬಿಕ್ಕಳಿಕೆಗಳು, ನೀವೇ ನಿಲ್ಲಿಸಿ. ಹದಿನೈದು ದಿನ ಕಾಯ್ತೀನಿ. ಅದರ ಮೇಲೆ ಗಡ್ಡೆ ಕಾಯಲ್ಲ.”

ಊರು ಬೆಚ್ಚಿಬಿತ್ತು ಎಂದು ಬರೆದರೆ ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ಊರಿನವರು ಮೊದಲ ದಿನ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನಲ್ಲಪ್ಪ, ನಾನು ಹೂವನ್ನೇ ಮುಡಿಯುವುದಿಲ್ಲ ಎಂದು ಬೋಳುತಲೆಯವರೂ ಹೇಳಿದರು. ಯಾರ್ಯಾರು ಏನೇನು ಹೇಳಿದ್ದಾರೆಂದು ಚನ್ನಾಜಕ್ಕನನ್ನೇ ಕೇಳೋಣವೆಂದರೆ ಅವಳು ಒಪ್ಪಲಿಲ್ಲ. ಕೇಳಿದವರು ಹೇಳಬಾರದು ಎನ್ನುವುದು ನಮ್ಮೂರ ಮರ್ಯಾದೆ. ಕೊನೆಗೆ ಓಂಕಾರಪ್ಪನವರಿಗೆ ಒಂದು ಉಪಾಯ ಹೊಳೆಯಿತು. ಚೌಕದಲ್ಲಿ ಒಂದು ದೊಡ್ಡ ಕಪ್ಪು ಹಲಗೆ ನಿಲ್ಲಿಸುವುದು, ತಪ್ಪು ಮಾಡಿದವರು ತಾವಾಗಿ ಬಂದು ಹೆಸರು ಬರೆಸುವುದು, ಏನು ಹೇಳಿದ್ದರೋ ಅದೂ ಪಕ್ಕದಲ್ಲಿ. ಮಾಡದೇ ಇರುವ ತನಕ ಕೆಂಪು ಬಣ್ಣ, ಮಾಡಿ ಮುಗಿಸಿದ ಮೇಲೆ ಬಿಳಿ. ಇದನ್ನು ನೋಡಿಕೊಳ್ಳಲು ಒಬ್ಬ ಕಾರ್ಯದರ್ಶಿ ಬೇಕಲ್ಲ, ನೇರ ಅಕ್ಷರದವನು, ಯಾರ ಹಂಗೂ ಇಲ್ಲದವನು, ಯಾರಿಗೂ ಒಂದು ಬಿಕ್ಕಳಿಕೆ ಕೊಡದವನು. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ತುಸು ನಾಚಿಕೊಂಡು ಒಪ್ಪಿಕೊಂಡೆ.

ನಿರ್ಧಾರವನ್ನು ಬಾಯಲ್ಲಿ ಹೇಳಕೂಡದು, ಚೀಟಿಯಲ್ಲಿ ಬರೆದು ಕೊಡಬೇಕು ಎಂದು ನಿಯಮ ಮಾಡಿದೆ. ಓದಿದ್ದಕ್ಕೆ ಬಿಕ್ಕಳಿಕೆ ಬರುವುದಿಲ್ಲ. ಎರಡು ದಿನ ಯಾರೂ ಸುಳಿಯಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನೀಲಾಂಬಿಕೆ ಟೀಚರು ಬಂದು, ಒಂಬತ್ತು ವರ್ಷದ ಹಿಂದೆ ಹೆಣೆಯಲು ಶುರುಮಾಡಿದ ಸ್ವೆಟರ್ ಮುಗಿಸುತ್ತೇನೆಂದು ಬರೆದುಕೊಟ್ಟರು. ಕೆಂಪು ಅಕ್ಷರದಲ್ಲಿ ಅವರ ಹೆಸರು ಬಿದ್ದದ್ದೇ ತಡ, ಸಂಜೆಯೊಳಗೆ ಹಲಗೆಯ ಮುಂದೆ ಸಾಲು ನಿಂತಿತು. ಅದರಲ್ಲಿ ಹದಿನೇಳು ಜನ ಚನ್ನಾಜಕ್ಕನಿಗೆ ಏನನ್ನೂ ಹೇಳಿದವರೇ ಅಲ್ಲ. ಊರ ಗಣ್ಯರ ಹೆಸರೆಲ್ಲ ಒಂದು ಕಡೆ ಬರೆಸಿರುವಾಗ ತಮ್ಮದು ಇಲ್ಲದಿದ್ದರೆ ಹೇಗೆ ಎಂದು ಬಂದವರು. ರೈಸ್ ಮಿಲ್ಲಿನ ಸಾಹುಕಾರರು ‘ಮಹಾಭಾರತ ಪೂರ್ತಿ ಓದುವುದು’ ಎಂದು ಬರೆಸಿ, ಅಕ್ಷರ ಸ್ವಲ್ಪ ದೊಡ್ಡದಿರಲಿ ಎಂದರು.

ಅಂತೂ ಕೆಲಸ ಶುರುವಾಯಿತು. ಯಾರೇನು ತಿಳಿದುಕೊಂಡರೂ ಸರಿ, ಚನ್ನಾಜಕ್ಕನ ಹೊಟ್ಟೆಗಿಂತ ಆ ಕೆಂಪು ಬಣ್ಣಕ್ಕೇ ಜನ ಹೆಚ್ಚು ಹೆದರಿದರು. ಐದು ಗಂಟೆಗೆ ಏಳುತ್ತೇನೆ ಎಂದಿದ್ದವರೆಲ್ಲ ಎದ್ದು, ಎದ್ದದ್ದಕ್ಕೆ ಸಾಕ್ಷಿ ಬೇಕೆಂದು ನನ್ನ ಮನೆಯ ಬಾಗಿಲು ಬಡಿದರು. ಹೋಟೆಲಿನ ಶೇಷಗಿರಿ ನಿನ್ನೆಯ ಇಡ್ಲಿಯನ್ನು ಇವತ್ತು ಉಪ್ಪಿಟ್ಟು ಮಾಡುವುದನ್ನು ನಿಲ್ಲಿಸಿದ. ಒಬ್ಬಾತ ತನ್ನ ಭಾವನ ಕೆನ್ನೆಗೆ ಒಂದು ಬಾರಿಸುತ್ತೇನೆ ಎಂದು ಚನ್ನಾಜಕ್ಕನ ಮುಂದೆ ಹಿಂದೊಮ್ಮೆ ಹೇಳಿದ್ದನಂತೆ; ಆ ಭಾವ ತಾನೇ ಚೌಕಕ್ಕೆ ಬಂದು, “ಚನ್ನಾಜಕ್ಕನ ಮುಖ ನೋಡ್ಕೊಂಡು ಹೊಡಿ, ಮೆಲ್ಲಗೆ” ಎಂದು ಕೆನ್ನೆ ಕೊಟ್ಟ. ಅವನು ಮೆಲ್ಲಗೆ ಹೊಡೆಯಲಿಲ್ಲ. ಆದರೂ ನಾನು ಬಿಳಿ ಬಣ್ಣ ಬಳಿದೆ. ಹಾಲಪ್ಪನಿಗೆ, ಪಕ್ಕದ ಮನೆಯವನ ಕ್ಷಮೆ ಕೇಳುತ್ತೇನೆ ಎಂದದ್ದು ಬಾಕಿ ಇತ್ತು. ಅವನು ಬೀದಿಯಲ್ಲಿ ನಿಂತು ಕ್ಷಮೆಯನ್ನು ಎಷ್ಟು ಜೋರಾಗಿ ಕೇಳಿದನೆಂದರೆ ಜನ ಜಗಳವೆಂದು ಬಿಡಿಸಲು ಹೋದರು.

ಓಂಕಾರಪ್ಪನವರದು ಹೂವಿನ ಬೀದಿಯ ಚರಂಡಿ. ಎರಡು ಚುನಾವಣೆಯಿಂದ ‘ಮುಂದಿನ ತಿಂಗಳು ಮುಚ್ಚಿಸ್ತೀನಿ’ ಎಂದು ಚನ್ನಾಜಕ್ಕನ ಕೈ ಹಿಡಿದು ಹೇಳಿದ್ದರು. ಮೊದಲು ಫೋಟೋದವನನ್ನು ಕರೆತಂದು ಒಂದು ಬುಟ್ಟಿ ಮಣ್ಣು ಸುರಿದರು. ಆಸ್ಪತ್ರೆಯಲ್ಲಿ ನರ್ಸು ಬಿಕ್ಕಳಿಕೆಯ ಹೊತ್ತು ಬರೆದಿಡುತ್ತಿದ್ದ ಹಾಳೆಯಲ್ಲಿ ಅವರು ಆ ಮಾತು ಹೇಳಿದ್ದ ಹನ್ನೊಂದೂವರೆಯ ಮೂರು ಗುರುತು ಹಾಗೆಯೇ ಇದ್ದವು. ಮರುದಿನ ರಿಬ್ಬನ್ ಕತ್ತರಿಸಿದರು. ಮೂರು ಗುರುತು. ಅದರ ಮರುದಿನ ಭೂಮಿಪೂಜೆ ಮಾಡಿ ಕಡಲೆ ಹಂಚಿದರು. ಮೂರು ಗುರುತು. “ಈ ಬಿಕ್ಕಳಿಕೆ ವಿರೋಧ ಪಕ್ಷದ್ದು ಇರ್ಬೇಕು” ಎಂದು ಗೊಣಗಿದರೇ ಹೊರತು ಬೇರೆ ದಾರಿ ಕಾಣಲಿಲ್ಲ. ಎಂಟನೆಯ ದಿನ ಚಪ್ಪಡಿಗಳು ಬಂದವು, ಹತ್ತನೆಯ ದಿನ ಚರಂಡಿ ಮುಚ್ಚಿತು. ನಮ್ಮೂರಲ್ಲಿ ಹುಟ್ಟಿ ಬೆಳೆದ ಸೊಳ್ಳೆಗಳು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಎರಡು ದಿನ ಪುರಸಭೆಯಲ್ಲೇ ಕೂತಿದ್ದವು.

ಆ ದಿನಗಳಲ್ಲಿ ನಾನು ಕೈಬೆತ್ತವಿಲ್ಲದ ಪೊಲೀಸಿನವನಾಗಿದ್ದೆ. ಮನೆಮನೆಗೆ ಹೋಗಿ ಆಯಿತಾ, ಎಲ್ಲಿಗೆ ಬಂತು, ಇನ್ನೂ ಎಷ್ಟು ದಿನ, ನಾಚಿಕೆ ಆಗುವುದಿಲ್ಲವಾ ಎಂದು ಕೇಳುತ್ತಿದ್ದೆ. ನೀಲಾಂಬಿಕೆ ಟೀಚರ ಸ್ವೆಟರಿನ ತೋಳಿನ ಅಳತೆಯನ್ನು ನಾನೇ ಹಿಡಿದು ನೋಡಿದೆ. ಊರಿನವರಿಗೆ ಆತ್ಮಗೌರವ, ಸಮಯಪ್ರಜ್ಞೆ ಇತ್ಯಾದಿಗಳ ಬಗ್ಗೆ ಹಲಗೆಯ ಪಕ್ಕ ನಿಂತು ಸಣ್ಣ ಭಾಷಣ ಮಾಡಿದ್ದೂ ಉಂಟು. ಹಲಗೆಯಲ್ಲಿ ಒಟ್ಟು ಎಪ್ಪತ್ತೊಂಬತ್ತು ಹೆಸರುಗಳಿದ್ದವು. ಎಂಬತ್ತನೆಯದು ನನ್ನದು. ಅದನ್ನು ಮಾತ್ರ ನಾನು ಬರೆದಿರಲಿಲ್ಲ.

ಈಗ ಗೋಡೆಯ ವಿಷಯ ಹೇಳಬೇಕು. ಹನ್ನೊಂದು ವರ್ಷದ ಹಿಂದೆ, ಚೌಕಕ್ಕೆ ಮುಖ ಮಾಡಿರುವ ಪುರಸಭೆಯ ಗೋದಾಮಿನ ಗೋಡೆಗೆ ಚಿತ್ರ ಬರೆಸಬೇಕೆಂದು ನನ್ನನ್ನು ಕರೆದರು. ಬೋರ್ಡು ಬರೆಯುವವನಿಗೂ ಚಿತ್ರ ಬರೆಯುವವನಿಗೂ ಇರುವ ವ್ಯತ್ಯಾಸ ಪುರಸಭೆಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅದಕ್ಕೆ ದಾದಾಪೀರನನ್ನು ಜೊತೆಗೆ ಸೇರಿಸಿಕೊಂಡೆ. ನಾವಿಬ್ಬರೂ ಒಬ್ಬರೇ ಮೇಸ್ತ್ರಿಯ ಕೈಕೆಳಗೆ ಕುಂಚ ತೊಳೆದವರು. ನಾನು ಅಕ್ಷರ ಕಲಿತೆ, ಅವನು ಮುಖ ಕಲಿತ. ನಾಲ್ಕು ತಿಂಗಳು ಏಣಿಯ ಮೇಲೆ ನಿಂತು ಅವನು ನಮ್ಮೂರ ಸಂತೆಯನ್ನು ಬರೆದ. ಅದರಲ್ಲಿ ನೂರಾ ಏಳು ಮುಖಗಳಿವೆ, ಒಂದೂ ಸುಳ್ಳಲ್ಲ. ಶೇಷಗಿರಿ ತಕ್ಕಡಿಯನ್ನು ನೋಡುತ್ತಿರುವ ಅನುಮಾನ, ಹಾಲಪ್ಪನ ಮೂಗಿನ ಮೇಲಿನ ಸಿಟ್ಟು, ಚನ್ನಾಜಕ್ಕನ ಹೆಬ್ಬೆರಳಿಗೆ ಸುತ್ತಿಕೊಂಡ ದಾರದ ಪುರಿ ಕೂಡ ಕಾಣುತ್ತದೆ. ನಾನು ಮಾಡಿದ್ದು ಆಕಾಶ ಮತ್ತು ಅಂಚಿನ ಪಟ್ಟಿ.

ಕೆಲಸ ಮುಗಿಯುವ ಹೊತ್ತಿಗೆ ದಾದಾಪೀರನ ತಂಗಿಗೆ ಹುಷಾರಿಲ್ಲವೆಂದು ಅವನು ಮೂರು ದಿನ ಪರವೂರಿಗೆ ಹೋದ. ಅಷ್ಟರಲ್ಲೇ ಮಂತ್ರಿಗಳಿಗೆ ಬಿಡುವು ಸಿಕ್ಕಿತು, ಉದ್ಘಾಟನೆ ಅಂದುಕೊಂಡದ್ದಕ್ಕಿಂತ ಮೊದಲೇ ಬಂತು. ಚಿತ್ರದ ಕೆಳಗೆ ಹೆಸರು ಹಾಕು ಎಂದರು ಓಂಕಾರಪ್ಪನವರು. ನಾನು ಏಣಿ ಹತ್ತಿ, ಎಲ್ಲರಿಗೂ ಕಾಣುವ ಎತ್ತರದಲ್ಲಿ ‘ತಿಪ್ಪೇಶಿ’ ಎಂದು ಬರೆದೆ. ಇಬ್ಬರ ಹೆಸರಿಗೆ ಜಾಗ ಸಾಲಲಿಲ್ಲ ಎಂದು ನನಗೆ ನಾನೇ ಮೂರು ವರ್ಷ ಹೇಳಿಕೊಂಡೆ. ಅಳತೆ ಮಾಡದೆ ಅಕ್ಷರ ಹಾಕುವವನಲ್ಲ ನಾನು. ಮಂತ್ರಿಗಳು ಶಾಲು ಹೊದಿಸಿದರು, ‘ಊರ ಕಲಾವಿದ’ ಎಂದು ಬಿರುದು ಕೊಟ್ಟರು. ಅವತ್ತಿನಿಂದ ಊರಿನ ಪ್ರತಿ ಸಭೆಯಲ್ಲೂ ಮುಂದಿನ ಸಾಲಿನ ಮೂರನೆಯ ಕುರ್ಚಿ ನನ್ನದು. ಆ ಕುರ್ಚಿಯ ರುಚಿ ಕಂಡವರಿಗೆ ಮಾತ್ರ ಗೊತ್ತು.

ನಾಲ್ಕನೆಯ ದಿನ ದಾದಾಪೀರ ಬಂದ. ಚಿತ್ರದ ಕೆಳಗಿನ ಹೆಸರನ್ನು ತಲೆ ಎತ್ತಿ ಓದಿದ. ನಾನು ಅವನನ್ನು ಮಾತಾಡಿಸಲೆಂದು ಕಿವಿಯ ಹತ್ತಿ ತೆಗೆದಿದ್ದೆ. ಅವನು ಬೈದಿದ್ದರೆ ಚೆನ್ನಾಗಿರುತ್ತಿತ್ತು. “ನಾಳೆಯಿಂದ ನಾನು ಈ ಚೌಕಕ್ಕೆ ಕಾಲಿಡಲ್ಲ ತಿಪ್ಪೇಶಿ” ಎಂದಷ್ಟೇ ಹೇಳಿ ಹೋದ. ನನ್ನ ಕಿವಿಗೆ ಬಿದ್ದ ಒಂದೇ ನಿರ್ಧಾರ ಅದು. ಅಂದಿನಿಂದ ಅವನು ಬಸ್ ನಿಲ್ದಾಣದ ಹಿಂದೆ ಗಾಡಿಗಳ ನಂಬರ್ ಪ್ಲೇಟು ಬರೆಯುತ್ತಿದ್ದಾನೆ. ಮನೆಗೆ ಹೋಗಲು ಚೌಕ ದಾಟಿದರೆ ಐದು ನಿಮಿಷ. ಅವನು ಕುಂಬಾರಗೇರಿ ಸುತ್ತಿ ಅರ್ಧ ಗಂಟೆ ನಡೆಯುತ್ತಾನೆ. ಹನ್ನೊಂದು ವರ್ಷದಲ್ಲಿ ನನಗೆ ಒಂದು ಬಿಕ್ಕಳಿಕೆಯೂ ಬರಲಿಲ್ಲ. ನಮ್ಮೂರಲ್ಲಿ ಮಾತಿಗೆ ನಿಂತವನು ಒಬ್ಬನೇ, ಆ ಮಾತೂ ನನ್ನ ಮೇಲಿನ ಮುನಿಸಿನದೇ.

ಅವತ್ತೇ ಸಂಜೆ ನಾಲ್ಕು ಗಂಟೆಗೆ ನಾನು ಚನ್ನಾಜಕ್ಕನ ಅಂಗಡಿಯ ಮುಂದೆ ಕೂತು, “ನಾಳೆ ಏಣಿ ತಂದು ನನ್ನ ಹೆಸರು ಅಳಿಸಿ ಅವನ ಹೆಸರು ಬರೀತೀನಿ ಅಕ್ಕ” ಎಂದೆ. “ಬರಿಯಪ್ಪ” ಎಂದಳು. ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ಮನೆಗೆ ಹೋಗಿ ಹೊಟ್ಟೆ ತುಂಬ ಉಂಡು ಸೊಗಸಾಗಿ ನಿದ್ದೆ ಮಾಡಿದೆ. ಮರುದಿನ ನಾಲ್ಕು ಗಂಟೆಗೆ ಅವಳು ಮೂರು ಸಲ ಬಿಕ್ಕಳಿಸಿದ್ದನ್ನು ದೂರದಿಂದ ನೋಡಿದೆ. ಆಮೇಲೆ ನಾಲ್ಕು ಗಂಟೆಗೆ ಆ ಕಡೆ ಹೋಗುವುದನ್ನು ಬಿಟ್ಟೆ.

ಹಲಗೆ ಬಿಳಿಯಾಗುತ್ತ ಬಂತು. ನರ್ಸಿನ ಹಾಳೆಯಲ್ಲಿ ನೂರೈವತ್ತು ಇದ್ದದ್ದು ಎಂಬತ್ತಾಯಿತು, ಮೂವತ್ತಾಯಿತು, ಒಂಬತ್ತಾಯಿತು. ಹನ್ನೆರಡನೆಯ ದಿನ ಉಳಿದದ್ದು ಮೂರೇ. ನಾಲ್ಕು ಗಂಟೆಗೆ ಮೂರು. “ಮೂರೇ ತಾನೆ” ಎಂದು ಓಂಕಾರಪ್ಪನವರು ಡಾಕ್ಟರ ಹತ್ತಿರ ಚೌಕಾಸಿ ಮಾಡಿದರು. “ಹೊಲಿಗೆ ಬಿಚ್ಚೋಕೆ ಒಂದು ಸಾಕು” ಎಂದರು ಡಾಕ್ಟರು. ಊರು ಹುಚ್ಚೆದ್ದು ಹೋಯಿತು. ಎಲ್ಲರೂ ಕಷ್ಟಪಟ್ಟು ಮಾಡಿ ಮುಗಿಸಿದ್ದಾರೆ, ಯಾರೋ ಒಬ್ಬ ಕಳ್ಳ ಮಾತ್ರ ಸುಮ್ಮನಿದ್ದಾನೆ. ತಾವು ವರ್ಷಗಟ್ಟಲೆ ಸುಮ್ಮನಿದ್ದದ್ದು ಯಾರಿಗೂ ನೆನಪಿರಲಿಲ್ಲ. ಸಂಜೆ ನಾಲ್ಕಕ್ಕೆ ಜನ ಚೌಕದಲ್ಲಿ ಸೇರಿ ಒಬ್ಬರ ಕಣ್ಣಲ್ಲಿ ಒಬ್ಬರು ಕಣ್ಣಿಟ್ಟು ನಿಲ್ಲುತ್ತಿದ್ದರು. ರೈಸ್ ಮಿಲ್ಲಿನ ಸಾಹುಕಾರರ ಮಹಾಭಾರತವೇ ಇರಬೇಕೆಂದು ಅನುಮಾನ ಹುಟ್ಟಿ, ಅವರು ಚನ್ನಾಜಕ್ಕನಿಗೆ ತಾನು ಏನೂ ಹೇಳಿಯೇ ಇರಲಿಲ್ಲವೆಂದು ಸಾರ್ವಜನಿಕವಾಗಿ ಒಪ್ಪಿಕೊಳ್ಳಬೇಕಾಯಿತು.

ನಾನು ಕೆಂಪು ಡಬ್ಬಿ ಹಿಡಿದು ಹಲಗೆಯ ಪಕ್ಕ ನಿಂತಿದ್ದೆ. ನಾಲಿಗೆ ಸುಮ್ಮನಿರಲಿಲ್ಲ. “ಯಾರಾದರೂ ತೀರಿಹೋದವರದ್ದಿರಬಹುದು. ಸಂಗಪ್ಪ ಮೇಷ್ಟ್ರು ದಿನಾ ನಾಲ್ಕಕ್ಕೆ ಹೂ ತಗೊಳ್ಳೋರು” ಎಂದೆ. ಹಾಲಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. “ಸತ್ತವರು ಬಿಕ್ಕಳಿಕೆ ಕೊಡ್ತಾರೇನಯ್ಯಾ? ನಮ್ಮಪ್ಪ ಹೋದ ದಿನವೇ ನಮ್ಮವ್ವನ ಬಿಕ್ಕಳಿಕೆ ನಿಂತಿತ್ತು. ನಲವತ್ತು ವರ್ಷದಲ್ಲಿ ಅವತ್ತೇ ಅವಳು ನೆಟ್ಟಗೆ ಊಟ ಮಾಡಿದ್ದು” ಎಂದ. ಇದು ನಿಜ, ಊರಿಗೆಲ್ಲ ಗೊತ್ತಿರುವುದು. ಸತ್ತ ಮೇಷ್ಟ್ರ ತಲೆಗೆ ಕಟ್ಟಲು ಹೊರಟ ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಆದರೆ ಏಣಿ ತರುವಷ್ಟು ಆಗಲಿಲ್ಲ.

ಹದಿಮೂರನೆಯ ದಿನ ಚನ್ನಾಜಕ್ಕ ನನ್ನನ್ನು ಕರೆಸಿದಳು. ಆಸ್ಪತ್ರೆಯ ಮಂಚದ ಮೇಲೆ ಕೂತು ಹೂ ಕಟ್ಟುತ್ತಿದ್ದಳು. ಸುಮ್ಮನೆ ಕೂರುವುದು ಅವಳಿಗೆ ಗೊತ್ತಿಲ್ಲ. ಮುಖ ಇಳಿದುಹೋಗಿತ್ತು. ಆ ಮಾಲೆಯಲ್ಲಿ ಹೂವಿಲ್ಲದ ದಾರ ಎಲ್ಲೂ ಇರಲಿಲ್ಲ. ಹಾಗೆ ಒತ್ತಾಗಿ ಕಟ್ಟಿದ ಅವಳ ಮಾಲೆಯನ್ನು ನಾನು ನೋಡಿದ್ದೇ ಅದು ಮೊದಲು. ಗಡಿಯಾರ ನಾಲ್ಕು ಹೊಡೆಯಿತು. ಅವಳ ಹೆಗಲು ಮೂರು ಸಲ ಎಗರಿತು. ಮೂರನೆಯದಕ್ಕೆ ಕೈ ಹೊಟ್ಟೆಗೆ ಹೋಯಿತು, ಗಂಟು ಜಾರಿತು, ಎರಡು ಮಲ್ಲಿಗೆ ನನ್ನ ಕಾಲ ಹತ್ತಿರ ಬಿದ್ದವು. ನಾನು ಬಗ್ಗಿ ಎತ್ತಿಕೊಟ್ಟೆ.

“ಇನ್ನೆಷ್ಟು ದಿನ ಉಳಿದಿದೆ?” ಎಂದಳು.

“ಎರಡು.”

“ನಾಳೆ ಅಂದಿದ್ದೆ ನೀನು. ಹನ್ನೊಂದು ವರ್ಷ ಆಯ್ತು. ಯಾವತ್ತಪ್ಪ ಬರೋದು ಅದು?”

ನನಗೆ ತಲೆ ಎತ್ತಲಾಗಲಿಲ್ಲ. “ನೀನು ಒಂದು ಮಾತು ಹೇಳಿದ್ರೆ ಸಾಕಿತ್ತಲ್ಲ ಅಕ್ಕ. ಊರೇ ನನ್ನ ಹಿಡಿದು ಏಣಿ ಹತ್ತಿಸ್ತಿತ್ತು” ಎಂದೆ.

“ಹತ್ತಿಸ್ತಿತ್ತು. ಆಗ ಅದು ಊರು ಬರೆದ ಹೆಸರಾಗ್ತಿತ್ತು. ಆ ಹುಡುಗ ಊರಿನ ಮೇಲೆ ಮುನಿಸ್ಕೊಂಡಿಲ್ಲ ಕಣೋ.” ಐವತ್ತು ದಾಟಿದ ದಾದಾಪೀರನನ್ನು ಅವಳು ಈಗಲೂ ಹುಡುಗ ಎನ್ನುತ್ತಾಳೆ.

 ಅವಳ ಕೈ ಹಿಡಿದುಕೊಂಡು, “ಅಕ್ಕ, ನಾಳೆ” ಎಂದು ಶುರುಮಾಡಿದೆ. ಅವಳು ಸರಕ್ಕನೆ ಕೈ ಬಿಡಿಸಿಕೊಂಡು ಎರಡೂ ಕಿವಿ ಮುಚ್ಚಿಕೊಂಡಳು. ಹೂವು ಮಂಚದ ಮೇಲೆಲ್ಲ ಚೆಲ್ಲಿತು. ಯಾರ ಮಾತಿಗೂ ಕಿವಿ ಮುಚ್ಚದ ಹೆಂಗಸು ನನ್ನ ಮಾತಿಗೆ ಮುಚ್ಚಿದ್ದಳು. “ಹೇಳ್ಬೇಡ. ಹೇಳಿದ್ರೆ ನಿನಗೆ ಸಮಾಧಾನ ಆಗುತ್ತೆ. ಸಮಾಧಾನ ಆದ್ರೆ ನೀನು ಮಾಡಲ್ಲ. ಎದ್ದು ಹೋಗು” ಎಂದಳು.

ಆ ರಾತ್ರಿ ನಿದ್ದೆ ಬರಲಿಲ್ಲ ಎಂದು ಬೇರೆ ಹೇಳಬೇಕಿಲ್ಲ. ಹದಿನಾಲ್ಕನೆಯ ದಿನ ಬೆಳಿಗ್ಗೆಯೇ ಹೋಗಬಹುದಿತ್ತು. ಗೋಡೆಯ ಬಣ್ಣಕ್ಕೆ ಸರಿಹೊಂದುವ ಬಣ್ಣ ಕಲಸೋಣವೆಂದು ಹನ್ನೊಂದರ ತನಕ ಕೂತೆ. ಕುಂಚ ಒರಟಾಗಿದೆಯೆಂದು ಅದನ್ನು ಟರ್ಪೆಂಟೈನಿನಲ್ಲಿ ನೆನೆಹಾಕಿದೆ. ಊಟ ಮಾಡಿದೆ. ಹನ್ನೊಂದು ವರ್ಷದ ಚಾಳಿ ಹನ್ನೊಂದು ಗಂಟೆಗೆಲ್ಲ ಬಿಡುವುದಿಲ್ಲ. ಕೊನೆಗೆ ಮೂರಕ್ಕೆ ಏಣಿಯನ್ನು ಹೆಗಲ ಮೇಲಿಟ್ಟುಕೊಂಡು ಚೌಕಕ್ಕೆ ಬಂದಾಗ, ನಾಲ್ಕು ಗಂಟೆಯ ಕಳ್ಳನನ್ನು ಹಿಡಿಯಲು ಊರೆಲ್ಲ ಆಗಲೇ ಸೇರತೊಡಗಿತ್ತು.

ಏಣಿ ಇಟ್ಟು ಹತ್ತಿದೆ.  ನನ್ನ ಹೆಸರಿನ ಮೇಲೆ ಲೋಹದ ಪಟ್ಟಿ ಇಟ್ಟು ಕೆರೆದೆ. ಒಳ್ಳೆಯ ಎನಾಮೆಲ್ ಬಳಿದಿದ್ದೆ, ಬೇಗ ಬಿಡಲಿಲ್ಲ. “ಏಯ್ ತಿಪ್ಪೇಶಿ, ಏನ್ಮಾಡ್ತಿದ್ದೀಯ? ಅದು ಪುರಸಭೆ ಗೋಡೆ” ಎಂದು ಓಂಕಾರಪ್ಪನವರು ಕೆಳಗಿನಿಂದ ಕೂಗಿದರು. ನಾನು ತಿರುಗದೇ ಹೇಳಿದೆ. ಈ ಚಿತ್ರ ನನ್ನದಲ್ಲ, ದಾದಾಪೀರನದು, ಎಂಬತ್ತನೆಯ ಹೆಸರು ನನ್ನದು ಎಂದೆ.  ಮೊದಲು ಹಾಲಪ್ಪ ನಕ್ಕ. ಅವನ ಹಿಂದೆ ಇಡೀ ಚೌಕ ನಕ್ಕಿತು. “ನನ್ನ ಸ್ವೆಟರಿನ ತೋಳಿನ ಅಳತೆ ನೋಡಿದ್ಯಲ್ಲ ನೀನು” ಎಂದು ನೀಲಾಂಬಿಕೆ ಟೀಚರು ಕೂಗಿದರು. ಇಷ್ಟು ದಿನ ನನ್ನಿಂದ ಬೈಸಿಕೊಂಡವರಿಗೆಲ್ಲ ಅದು ಹಬ್ಬವಾಗಿತ್ತು. ಮೂರನೆಯ ಕುರ್ಚಿ ಕಾಲು ಮುರಿದು ಬೀಳುವುದು ನನಗೆ ಅಲ್ಲಿಂದಲೇ ಕೇಳಿಸಿತು.  ಆದರೂ ಕೆರೆದೆ. ಕೆರೆದ ಜಾಗಕ್ಕೆ ಬಣ್ಣ ಬಳಿದೆ, ಅದು ತುಸು ಆರುವ ತನಕ ನಗುವವರಿಗೆ ಬೆನ್ನು ಕೊಟ್ಟು ನಿಂತೆ. ಆಮೇಲೆ ಅಳತೆ ಹಿಡಿದು ‘ದಾದಾಪೀರ್’ ಎಂದು ಬರೆದೆ. ಜಾಗ ಸಾಕಾಯಿತು. ಇನ್ನೊಂದು ಹೆಸರಿಗೂ ಆಗಿ ಮಿಗುವಷ್ಟಿತ್ತು.

ಗಡಿಯಾರ ನಾಲ್ಕು ಹೊಡೆಯಿತು. ಎಲ್ಲರೂ ಆಸ್ಪತ್ರೆಯ ಮಹಡಿಯ ಕಿಟಕಿಯನ್ನು ನೋಡಿದರು. ಐದು ನಿಮಿಷ ಕಳೆದ ಮೇಲೆ ನರ್ಸು ಅಲ್ಲಿ ನಿಂತು ಬಿಳಿ ಟವೆಲ್ ಬೀಸಿದಳು. ಜನ ನನ್ನನ್ನು ಮರೆತು, ಹೋ ಎನ್ನುತ್ತಾ ಆಸ್ಪತ್ರೆಯ ಕಡೆ ಓಡಿದರು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಮರುದಿನ ಗಡ್ಡೆ ತೆಗೆದರು, ಹೊಲಿಗೆ ನಿಂತಿತು, ಚನ್ನಾಜಕ್ಕ ಎರಡು ತಿಂಗಳಿಗೆ ಅಂಗಡಿಗೆ ಬಂದಳು. ಅವಳು ಬಂದ ಮೊದಲ ದಿನವೇ ಓಂಕಾರಪ್ಪನವರು ಅವಳ ಕೈ ಹಿಡಿದು, ಮುಂದಿನ ತಿಂಗಳು ಈ ಅಂಗಡಿಗೆ ತಗಡಿನ ಚಾವಣಿ ಹಾಕಿಸುತ್ತೇನೆ ಎಂದರು. ಅವರ ಹಿಂದೆ ಇಪ್ಪತ್ತು ಜನ ಸಾಲು ನಿಂತಿದ್ದರು. ಕಪ್ಪು ಹಲಗೆ ಈಗ ಶೇಷಗಿರಿಯ ಹೋಟೆಲಿನಲ್ಲಿದೆ. ಅದರ ಮೇಲೆ ತಿಂಡಿಯ ಪಟ್ಟಿ ಬರೆದಿದ್ದಾನೆ, ಉಪ್ಪಿಟ್ಟು ಮತ್ತೆ ಶುರುವಾಗಿದೆ. ಸಭೆಗಳಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕೂರುತ್ತೇನೆ. ಅಲ್ಲಿಂದ ಎದ್ದು ಹೋಗುವುದು ಸುಲಭ.

ಅವತ್ತು ಚೌಕ ಖಾಲಿಯಾದ ಮೇಲೂ ನಾನು ಏಣಿಯ ಮೇಲೆಯೇ ಇದ್ದೆ. ಹೆಸರಿನ ಕೆಳಗೆ ಒಂದು ಗೆರೆ ಎಳೆಯುವುದು ನಮ್ಮ ಮೇಸ್ತ್ರಿ ಕಲಿಸಿದ ಪದ್ಧತಿ. ಸಣ್ಣ ಕುಂಚ ತೆಗೆದು, ಉಸಿರು ಹಿಡಿದು, ‘ದಾ’ದ ಕೆಳಗಿಂದ ಗೆರೆ ಶುರುಮಾಡಿದೆ. ‘ಪೀ’ಯ ಕೆಳಗೆ ಬಂದಾಗ ನನ್ನ ಎದೆಯಿಂದ ಏನೋ ಎಗರಿ ಗಂಟಲಿಗೆ ಬಡಿಯಿತು. ಕುಂಚ ಮೇಲಕ್ಕೆ ಹಾರಿ ಗೆರೆ ಕೊಕ್ಕೆಯಾಯಿತು. ಇದೇನೆಂದು ಗೊತ್ತಾಗಲು ನನಗೆ ತುಸು ಹೊತ್ತು ಬೇಕಾಯಿತು. ಅಲ್ಲಿಯ ತನಕ ಬಿಕ್ಕಳಿಸಿದವನೇ ಅಲ್ಲ ನಾನು. ಗೊತ್ತಾದ ಮೇಲೆ ಏಣಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಎರಡನೆಯದು ಬಂತು. ನನ್ನ ಕಿವಿಗೆ ಬಿದ್ದದ್ದು ಜನ್ಮದಲ್ಲಿ ಒಬ್ಬನ ಮಾತು ಮಾತ್ರ.

“ಗೆರೆ ಸೊಟ್ಟ ಆಯ್ತು” ಎಂದಿತು ಹಿಂದಿನಿಂದ ಒಂದು ದನಿ.

“ಆಗ್ಲಿ” ಎಂದೆ. ಮೂರನೆಯದು ಬಂತು.

“ತಿದ್ದು.”

“ತಿದ್ದಲ್ಲ.”

ಅವನು ಹೋಗಲಿಲ್ಲ. ಹನ್ನೊಂದು ವರ್ಷದ ಮೇಲೆ ತನ್ನ ನೂರಾ ಏಳು ಮುಖಗಳನ್ನು ಒಂದೊಂದಾಗಿ ನೋಡುತ್ತಾ ನಿಂತಿದ್ದ. ಅವನು ನಿಂತಿರುವಷ್ಟು ಹೊತ್ತೂ ನಾನು ಏಣಿಯ ಮೇಲೆ ಬಿಕ್ಕಳಿಸುತ್ತಿದ್ದೆ, ನೀರು ಕೇಳಲಿಲ್ಲ.